ಜಾತ್ರೆಯಿಂದ ಮನೆಗೆ ಬಾರದವರು

ಪತ್ರಿಕೆಯ ಒಳಪುಟದ ಕೆಳಮೂಲೆಯಲ್ಲಿ ಬೆರಳಗಲದ ಸುದ್ದಿಯೊಂದು ಆಗಾಗ ಬರುತ್ತದೆ. ‘ಅಪರಿಚಿತ ಶವ ಪತ್ತೆ’ ಎಂಬುದು ಅದರ ತಲೆಬರಹ. ವಯಸ್ಸು ಸುಮಾರು 45, ಎತ್ತರ 5.4 ಅಡಿ, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು, ಬಲ ಮುಂಗೈಯ ಮೇಲೆ ಹಚ್ಚೆ, ನೀಲಿ ಗೆರೆಯ ಅರ್ಧ ತೋಳಿನ ಅಂಗಿ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ಊರು, ವಯಸ್ಸು, ಅಂಗಿಯ ಬಣ್ಣ ಬದಲಾಗುತ್ತವೆಯೇ ಹೊರತು ವಾಕ್ಯಗಳು ಬದಲಾಗುವುದಿಲ್ಲ. ಬಹಳ ಮಂದಿ ಪುಟ ತಿರುವಿಹಾಕುವಾಗ ಅದನ್ನು ಓದುವುದೂ ಇಲ್ಲ. ನಾನು ಮಾತ್ರ ಕಳೆದ ಹದಿನೈದು ವರ್ಷಗಳಿಂದ ಅದನ್ನು ಪೂರ್ತಿ ಓದದೆ ಪತ್ರಿಕೆ ಮಡಿಸಿದವನಲ್ಲ. ಅದಕ್ಕೆ ಕಾರಣವಾದ ಒಂದು ಬೆಳಗನ್ನೂ, ಅದೇ ದಿನ ರಾತ್ರಿ ನಮ್ಮಜ್ಜಿ ಹೇಳಿದ ಒಂದು ಸಂಗತಿಯನ್ನೂ ಇಲ್ಲಿ ಬರೆದಿಡಬೇಕು ಎನ್ನಿಸಿದೆ.

ನಮ್ಮ ಚಿಕ್ಕಮಾವ ಸಾಲದ ವಿಷಯಕ್ಕೆ ಮನಸ್ಸು ಕೆಡಿಸಿಕೊಂಡು ಮನೆ ಬಿಟ್ಟು ಹೋಗಿದ್ದರು. ಹೋಗಿ ಇಪ್ಪತ್ತು ದಿನವಾಗಿತ್ತು. ಪತ್ರಿಕೆಯಲ್ಲಿ ಬಂದ ಇಂಥದೇ ಒಂದು ಚಹರೆ ಅವರಿಗೆ ಹೊಂದುವಂತಿತ್ತೆಂದು ದೊಡ್ಡಮಾವ ನನ್ನನ್ನು ಜೊತೆಗೆ ಕರೆದುಕೊಂಡು ಒಂದು ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಹೊರಟರು. ಬಾಗಿಲಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಕೊನೆಗೆ ಅಲ್ಲಿನ ನೌಕರ ಬಂದು ನಮ್ಮನ್ನು ಒಳಗೆ ಕರೆದು, ಮುಸುಕು ಸರಿಸಿ, ‘ನೋಡಿ, ನಿಮ್ಮೋರೇನಾ?’ ಎಂದರು. ಅಲ್ಲ. ಮೊದಲ ನೋಟಕ್ಕೇ ಅಲ್ಲವೆಂದು ತಿಳಿಯಿತು. ದೊಡ್ಡಮಾವ ‘ಅಲ್ಲ, ಅಲ್ಲ’ ಎಂದು ಎರಡು ಸಲ ಹೇಳಿ ಕೈಮುಗಿದು ಹೊರಗೆ ನಡೆದುಬಿಟ್ಟರು. ನಾನು ಒಂದು ಗಳಿಗೆ ಹೆಚ್ಚು ನಿಂತೆ. ಆ ಮನುಷ್ಯನ ಅಂಗಿಯ ಜೇಬಿನ ಒಂದು ಅಂಚು ಬಿಚ್ಚಿಹೋಗಿದ್ದನ್ನು ಯಾರೋ ಬೇರೆ ಬಣ್ಣದ ದಾರದಿಂದ ಹೊಲಿದಿದ್ದರು. ಬಿಳಿ ಅಂಗಿಗೆ ಹಸಿರು ದಾರ. ಅಂಗಡಿಯ ಮೆಷಿನ್ನಿನ ಹೊಲಿಗೆಯಲ್ಲ, ಮನೆಯಲ್ಲಿ ಕೂತು ಸೂಜಿಯಲ್ಲಿ ಹಾಕಿದ, ಒಂದರ ಪಕ್ಕ ಒಂದು ಒತ್ತಾಗಿ ಬಂದ ಹೊಲಿಗೆ. ನೌಕರ ಉದ್ದನೆಯ ಪುಸ್ತಕದಲ್ಲಿ ನಮ್ಮ ಹೆಸರು ಬರೆದುಕೊಂಡು, ಅದರೆದುರು ‘ಗುರುತಿಸಿರುವುದಿಲ್ಲ’ ಎಂದು ಬರೆದು ಸಹಿ ಮಾಡಿಸಿಕೊಂಡರು.

ಹೊರಗೆ ಬಂದು ನಾವು ಕಾಫಿ ಕುಡಿದೆವು. ದೊಡ್ಡಮಾವ ಅತ್ತೆಗೆ ಫೋನ್ ಮಾಡಿ, ‘ಅವನಲ್ಲಮ್ಮ, ಹೆದರಬೇಡ’ ಎಂದರು. ಅವರ ದನಿಯಲ್ಲಿ ಸಂತೋಷವಿತ್ತು. ನನಗೂ ಇತ್ತು. ಆ ಸಂತೋಷ ನನ್ನಲ್ಲಿ ಎಷ್ಟು ಹೊತ್ತು ಉಳಿಯಿತೋ ನೆನಪಿಲ್ಲ, ಆದರೆ ಬಸ್ಸು ಗೌರಿಬಿದನೂರು ತಲುಪುವ ಹೊತ್ತಿಗೆ ಆ ಹಸಿರು ದಾರವಷ್ಟೇ ಕಣ್ಣ ಮುಂದೆ ಉಳಿದಿತ್ತು. ಚಿಕ್ಕಮಾವ ಆರು ತಿಂಗಳ ಮೇಲೆ ತಾವಾಗಿಯೇ ಮನೆಗೆ ಬಂದರು, ಅದು ಬೇರೆ ಮಾತು. ಅಂದು ರಾತ್ರಿ ಅಜ್ಜಿ ನಮ್ಮ ಬಾಯಿಂದ ಎಲ್ಲವನ್ನೂ ಕೇಳಿ, ದೇವರ ದೀಪಕ್ಕೆ ಕೈಮುಗಿದು, ಆಮೇಲೆ ಸುಮ್ಮನೆ ಕೂತಿದ್ದು, ಕೊನೆಗೆ ಒಂದೇ ಮಾತು ಕೇಳಿದಳು: ‘ಅಲ್ಲ ಮಗಾ, ಅವನ ಮನೆಯೋರಿಗೆ ಯಾರು ಹೇಳ್ತಾರೆ?’

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಅಷ್ಟು ವರ್ಷಗಳಲ್ಲಿ ಎಂದೂ ಪೂರ್ತಿಯಾಗಿ ಹೇಳಿರದ ವಿದುರಾಶ್ವತ್ಥದ ಸಂಗತಿಯನ್ನು ಹೇಳಿದಳು.

ಗಾಡಿಯಲ್ಲಿ ಜಾಗ ಕೇಳಿದವನು

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿನ ಬಗ್ಗೆ ನಮ್ಮ ಕಡೆಯ ಮಕ್ಕಳು ಶಾಲೆಯಲ್ಲೇ ಓದಿರುತ್ತಾರೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಾಯಿಪಾಠವಾಗಿರುತ್ತದೆ. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಮೈಸೂರು ಕಾಂಗ್ರೆಸ್ಸಿನ ಧ್ವಜ ಸತ್ಯಾಗ್ರಹ ನಡೆದಿತ್ತು. ನಿಷೇಧಾಜ್ಞೆಯನ್ನು ಮುರಿದು ಬಾವುಟ ಹಾರಿಸುವ ಆ ಹುರುಪು ಊರಿಂದೂರಿಗೆ ಹಬ್ಬಿ ಗೌರಿಬಿದನೂರಿಗೂ ಬಂತು. ವಿದುರಾಶ್ವತ್ಥದಲ್ಲಿ ಅದು ಜಾತ್ರೆಯ ಕಾಲ, ಸಾವಿರಗಟ್ಟಲೆ ಜನ ಸೇರಿದ್ದರು, ಸಭೆ ನಡೆಯಿತು, ಪೊಲೀಸರು ಗುಂಡು ಹಾರಿಸಿದರು. ಇಷ್ಟನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅಜ್ಜಿ ಹೇಳಿದ್ದು ಬೇರೆ. ಅವಳಿಗೆ ಆಗ ಎಂಟು ವರ್ಷ. ಜ್ವರ ಬಂದಿದ್ದರಿಂದ ಅವಳನ್ನು ಮನೆಯಲ್ಲೇ ಬಿಟ್ಟು ಅವಳ ಅಪ್ಪ, ಅಮ್ಮ, ಅತ್ತಿಗೆ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿದ್ದರು. ಮಗು ಆಗಲಿಲ್ಲವೆಂದು ಅತ್ತಿಗೆ ನಾಗರಕಲ್ಲು ಪ್ರತಿಷ್ಠೆಗೆ ಹರಕೆ ಹೊತ್ತಿದ್ದಳು. ನಡುದಾರಿಯಲ್ಲಿ ಒಬ್ಬ ಗಂಡಸು ಕೈಯಡ್ಡ ಹಿಡಿದು, ‘ಬಂಡಿಲೋ ಚೋಟುಂದಾ ಅಕ್ಕಾ?’ ಎಂದು ತೆಲುಗಿನಲ್ಲಿ ಕೇಳಿದನಂತೆ. ನಮ್ಮ ಕಡೆ ತೆಲುಗು ಹೊರಗಿನ ಮಾತಲ್ಲ, ಒಂದೇ ಬೀದಿಯಲ್ಲಿ ಎರಡೂ ಓಡಾಡುತ್ತವೆ. ಹತ್ತಿಸಿಕೊಂಡರು. ಹಿಂದೂಪುರದ ಆಚೆಯ ಊರು ಎಂದನಂತೆ, ಊರಿನ ಹೆಸರನ್ನೂ ಹೇಳಿರಬೇಕು, ಆದರೆ ಅದನ್ನು ನೆನಪಿಟ್ಟುಕೊಳ್ಳಬೇಕೆಂದು ಯಾರಿಗೆ ಅನ್ನಿಸಿತ್ತು? ಜಾತ್ರೆ ತಲುಪಿದ ಮೇಲೆ ಅವನು ತನ್ನ ಪಾಡಿಗೆ ತಿರುಗಾಡಲು ಹೋದ. ಮಧ್ಯಾಹ್ನ ಬಂದು, ಒಂದು ಸಣ್ಣ ಗಂಟನ್ನು ಗಾಡಿಯ ಹುಲ್ಲಿನ ಮೇಲಿಟ್ಟು, ‘ಇದನ್ನು ನೋಡಿಕೊಂಡಿರಿ ಅಕ್ಕಾ, ಅಲ್ಲೇನೋ ಭಾಷಣವಂತೆ, ನೋಡಿಕೊಂಡು ಬರುತ್ತೇನೆ’ ಎಂದು ಹೇಳಿ ಹೋದ.

ಗುಂಡಿನ ಸದ್ದು ಕೇಳಿದಾಗ ಮುತ್ತಜ್ಜಿ ಮೊದಲು ಜಾತ್ರೆಯ ಪಟಾಕಿಯೆಂದೇ ತಿಳಿದಳಂತೆ. ಆಮೇಲೆ ಜನ ಓಡಿ ಬಂದರು. ಗೂಟಕ್ಕೆ ಕಟ್ಟಿದ್ದ ದನಗಳು ಹಗ್ಗ ಹರಿದುಕೊಂಡು ನುಗ್ಗಿದವು. ಮುತ್ತಜ್ಜ ಗಾಡಿ ಹೂಡಿದವನು ಅವನಿಗಾಗಿ ಸ್ವಲ್ಪ ಹೊತ್ತು ಕಾದ. ಹೊಳೆಯ ಕಡೆಗೆ ಓಡುವವರ ಗುಂಪಿನಲ್ಲಿ ಕಂಡಾನೇ ಎಂದು ನೋಡಿದ. ಕಾಣಲಿಲ್ಲ. ಹೊತ್ತು ಮುಳುಗುತ್ತಿತ್ತು, ಹೆಂಗಸರು ಅಳುತ್ತಿದ್ದರು, ಹೊರಟುಬಂದರು. ಮನೆಗೆ ಬಂದು ಗಂಟು ಬಿಚ್ಚಿದರೆ ಒಂದು ಕೆಂಪು ಅಂಚಿನ ವಸ್ತ್ರದಲ್ಲಿ ಪುರಿ, ಬತ್ತಾಸು, ಅದರ ನಡುವೆ ಹುಲ್ಲಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ. ಅಜ್ಜಿ ಆಸೆಯಿಂದ ಒಂದನ್ನು ಕೈಗೆ ಹಾಕಿಕೊಂಡಳಂತೆ. ಅಳತೆ ಕೊಟ್ಟು ತಂದಂತೆ ಕೂತಿತು. ಮುತ್ತಜ್ಜಿ ಹೊಡೆದು ಬಿಚ್ಚಿಸಿದಳು. ‘ಬೇರೆ ಮಗೀನದು, ಕೇಳ್ಕೊಂಡು ಬರ್ತಾನೆ, ಇಡು’ ಎಂದಳು. ಅವನು ಬರಲಿಲ್ಲ. ಆ ವರ್ಷ ಬರಲಿಲ್ಲ, ಮರುವರ್ಷದ ಜಾತ್ರೆಗೆ ಬಳೆಯನ್ನು ಅದೇ ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಗಾಡಿಯನ್ನು ಅದೇ ಜಾಗದಲ್ಲಿ ಬಿಟ್ಟು ಕೂತಿದ್ದರಂತೆ, ಆಗಲೂ ಬರಲಿಲ್ಲ.

ಅವನು ಗುಂಡಿಗೆ ಸಿಕ್ಕಿ ಸತ್ತನೋ, ಹೆದರಿ ಗಡಿ ದಾಟಿ ನಡೆದುಕೊಂಡೇ ಊರು ಸೇರಿ, ಮತ್ತೆ ಈ ಕಡೆ ತಲೆ ಹಾಕಲಿಲ್ಲವೋ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ತೀರ್ಮಾನ ಮಾಡಲಿಲ್ಲ. ಆದರೆ ಭಾದ್ರಪದದ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ, ಒಂದೊಂದು ಎಲೆಗೂ ಸತ್ತವರ ಹೆಸರು ಹೇಳಿ ನೀರು ಬಿಟ್ಟ ಮೇಲೆ, ಕೊನೆಯಲ್ಲಿ ಹೆಸರು ಹೇಳದೆ ಒಂದು ಎಲೆ ಇಡುತ್ತಿದ್ದರು. ಅದರಲ್ಲಿ ಎಲ್ಲರಿಗೂ ಬಡಿಸಿದ ಅನ್ನ, ಒಬ್ಬಟ್ಟು, ಕಾಳಿನ ಸಾರಿನ ಜೊತೆಗೆ ಎರಡು ಬತ್ತಾಸು ಹೆಚ್ಚಾಗಿರುತ್ತಿದ್ದವು. ಚಿಕ್ಕಂದಿನಲ್ಲಿ ಅದು ಮಕ್ಕಳಿಗೆಂದು ಇಟ್ಟದ್ದು ಎಂದೇ ನಾನು ತಿಳಿದಿದ್ದೆ. ಪೂಜೆ ಮುಗಿದ ಕೂಡಲೇ ಅದಕ್ಕೆ ಕೈ ಹಾಕಿ ಬೈಸಿಕೊಂಡದ್ದೂ ಉಂಟು.

ಆ ದಿನದ ಲೆಕ್ಕ

ವಿದುರಾಶ್ವತ್ಥದಲ್ಲಿ ಸತ್ತವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಒಂದು ಉತ್ತರವಿಲ್ಲ. ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಜನರ ಬಾಯಲ್ಲಿ, ಭಾಷಣಗಳಲ್ಲಿ, ಬರವಣಿಗೆಗಳಲ್ಲಿ ಅದು 32 ಎಂದೂ 35 ಎಂದೂ ಬರುತ್ತದೆ. ಈ ಎರಡು ಲೆಕ್ಕಗಳ ನಡುವಿನ ಅಂತರ ಇಪ್ಪತ್ತಕ್ಕೂ ಹೆಚ್ಚು. ಬಹಳ ವರ್ಷ ನಾನು ಇದನ್ನು ಸರ್ಕಾರ ಕಡಿಮೆ ಹೇಳುವುದು, ಚಳವಳಿಗಾರರು ಹೆಚ್ಚು ಹೇಳುವುದು ಎಂಬ ಸಾಮಾನ್ಯ ರೂಢಿಯೆಂದೇ ಭಾವಿಸಿ ಬಿಟ್ಟುಬಿಟ್ಟಿದ್ದೆ. ಅಜ್ಜಿಯ ಮಾತು ಕೇಳಿದ ಮೇಲೆ ಆ ಅಂತರವನ್ನು ಅಂಕಿಗಳ ಜಗಳವೆಂದು ನೋಡುವುದು ನನ್ನಿಂದ ಸಾಧ್ಯವಾಗಲಿಲ್ಲ. ಆ ಇಪ್ಪತ್ತು ಚಿಲ್ಲರೆ ಮಂದಿ ಇದ್ದದ್ದು ನಿಜವಾದರೆ, ಅವರು ಎಲ್ಲಿಂದ ಬಂದವರು, ಪಟ್ಟಿಯಿಂದ ಹೇಗೆ ಜಾರಿದರು?

ಊರಿನ ಬೀದಿಯಲ್ಲಿ ಗುಂಡು ಬಿದ್ದು ಸತ್ತವನನ್ನು ಊರವರು ಗುರುತಿಸುತ್ತಾರೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರು ಆದಾಗ ಸತ್ತವರ ಹೆಸರು, ಊರು, ಮನೆತನ ಎಲ್ಲವೂ ಸುತ್ತಲಿನ ಹಳ್ಳಿಗಳಿಗೆ ಗೊತ್ತಿದ್ದವು, ಇಂದಿಗೂ ಪ್ರತಿವರ್ಷ ಆ ದಿನ ರೈತರು ಅವರ ಸ್ಮಾರಕಗಳಿಗೆ ಹೂವಿನ ಹಾರ ಹಾಕುತ್ತಾರೆ. ಜಾತ್ರೆಯ ಸ್ಥಿತಿ ಹಾಗಲ್ಲ. ಜಾತ್ರೆಗೆ ಜನ ಬರುವುದೇ ದೂರದಿಂದ. ಪಕ್ಕದಲ್ಲಿ ನಿಂತವನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ವಿದುರಾಶ್ವತ್ಥವಂತೂ ಗಡಿಯ ಊರು. ಅಂದಿನ ಮೈಸೂರು ಸಂಸ್ಥಾನ ಅಲ್ಲಿಂದ ಕೆಲವೇ ಮೈಲಿಗೆ ಮುಗಿದು, ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆ ಶುರುವಾಗುತ್ತಿತ್ತು. ಆಚೆ ಕಡೆಯ ಒಬ್ಬ ಈಚೆ ಸತ್ತರೆ, ಅವನ ಹೆಸರು ಇಲ್ಲಿನ ಪಟೇಲರ ಪುಸ್ತಕದಲ್ಲೂ ಬರೆಯಲು ಕಾರಣವಿರಲಿಲ್ಲ, ಅಲ್ಲಿನ ಪುಸ್ತಕದಲ್ಲೂ ಬರೆಯಲು ಆಧಾರವಿರಲಿಲ್ಲ.

ಇದಕ್ಕಿಂತ ದೊಡ್ಡ ತಡೆ ಹೆದರಿಕೆ. ನಿಷೇಧಾಜ್ಞೆ ಇದ್ದ ಜಾಗದಲ್ಲಿ ನನ್ನ ಗಂಡ ಸತ್ತ, ನನ್ನ ಮಗ ಸತ್ತ ಎಂದು ಹೇಳಿಕೊಂಡು ಹೋಗುವುದೆಂದರೆ, ಅವನು ಆಜ್ಞೆ ಮುರಿದವನೆಂದು ಮನೆಯವರೇ ಬರೆದುಕೊಟ್ಟಂತೆ. ಕತ್ತಲಾದ ಮೇಲೆ ತಮ್ಮವರ ಹೆಣವನ್ನು ಗಾಡಿಯ ಹುಲ್ಲಿನಡಿ ಮಲಗಿಸಿಕೊಂಡು ಊರಿಗೆ ಒಯ್ದವರಿದ್ದರೆ, ಅವರು ಠಾಣೆಯ ದಾರಿ ಹಿಡಿದಿರಲಾರರು. ಅಮೃತಸರದಲ್ಲೂ ಹೀಗೇ ಆಗಿತ್ತು. 1919ರ ಏಪ್ರಿಲ್ 13 ಬೈಸಾಖಿಯ ದಿನ, ದನಗಳ ಜಾತ್ರೆಗೆಂದು ಸುತ್ತಲಿನ ಹಳ್ಳಿಗಳವರು ಊರಿಗೆ ಬಂದಿದ್ದರು, ಬಾಗಿನೊಳಗೆ ಕೂತವರಲ್ಲಿ ಅವರೂ ಇದ್ದರು. ಸರ್ಕಾರ ಮೂರು ತಿಂಗಳ ಬಳಿಕ, ಸತ್ತವರ ವಿವರ ಇದ್ದವರು ಬಂದು ತಿಳಿಸಬಹುದೆಂದು ಕರೆಕೊಟ್ಟಿತು. ಸಭೆಯಲ್ಲಿದ್ದವರೆಂದು ಗುರುತಾಗುವ ಭಯದಿಂದ ಎಷ್ಟೋ ಜನ ಹತ್ತಿರ ಸುಳಿಯಲಿಲ್ಲ, ಎಷ್ಟೋ ಸತ್ತವರಿಗೆ ಆ ಊರಿನಲ್ಲಿ ಸುಳಿಯಲು ನಂಟರೇ ಇರಲಿಲ್ಲ. ಹಂಟರ್ ಸಮಿತಿಯ ವರದಿಯಲ್ಲಿ ಉಳಿದ ಅಂಕಿ 379. ಸಾವಿರಕ್ಕೂ ಹೆಚ್ಚೆಂದು ಕಾಂಗ್ರೆಸ್ಸಿನ ವಿಚಾರಣೆ ಹೇಳಿತು.

ಮೈಸೂರಿನಲ್ಲಿ ಗೋಲಿಬಾರಿನ ನಂತರದ ಘಟನೆಗಳು ಬೇಗ ಬೇಗ ನಡೆದವು. ಸರ್ಕಾರ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲೇ ಪಟೇಲ್–ಮಿರ್ಜಾ ಒಪ್ಪಂದವಾಯಿತು, ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಕಾಂಗ್ರೆಸ್ಸಿನ ಬಾವುಟವನ್ನು ಸಂಸ್ಥಾನದ ಬಾವುಟದ ಜೊತೆ ಹಾರಿಸಬಹುದೆಂದು ಆಯಿತು. ಅಂದರೆ ಯಾವ ಬಾವುಟಕ್ಕಾಗಿ ಅವರು ಸತ್ತರೋ ಆ ಬಾವುಟದ ಪ್ರಶ್ನೆ ಒಂದು ತಿಂಗಳೊಳಗೆ ಇತ್ಯರ್ಥವಾಯಿತು. ಸತ್ತವರು ಯಾರು ಯಾರು ಎಂಬುದು ಎಂಟು ದಶಕ ದಾಟಿದರೂ ಇತ್ಯರ್ಥವಾಗಿಲ್ಲ. ಇತಿಹಾಸದ ದೃಷ್ಟಿಯಿಂದ ಆ ಒಪ್ಪಂದದ ಬೆಲೆ ದೊಡ್ಡದು, ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಒಪ್ಪಂದದ ಮೇಜಿಗೆ ಬಾರದ ಒಂದು ಮನೆ ಹಿಂದೂಪುರದ ಆಚೆ ಇದ್ದಿರಬಹುದು, ಆ ಮನೆಯ ಬಾಗಿಲಲ್ಲಿ ಒಂದು ಹುಡುಗಿ ಬಳೆಗಾಗಿ ಕಾದಿರಬಹುದು.

ನಾಗರಕಲ್ಲುಗಳ ನಡುವೆ

ಹೋದ ಚೈತ್ರದಲ್ಲಿ ಮತ್ತೆ ವಿದುರಾಶ್ವತ್ಥಕ್ಕೆ ಹೋಗಿದ್ದೆ. ವಿದುರನೇ ನೆಟ್ಟನೆಂದು ಹೇಳುವ ಆ ದೊಡ್ಡ ಅಶ್ವತ್ಥ ಮರ 2001ರಲ್ಲಿ ಉರುಳಿಬಿತ್ತು. ಅದನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಸುತ್ತಿದ್ದು ನೆನಪಿದೆ. ಮರ ಹೋದರೂ ನಾಗರಕಲ್ಲುಗಳಿವೆ. ಸಾವಿರಾರು ಕಲ್ಲುಗಳು ಒಂದಕ್ಕೊಂದು ಆತು ನಿಂತಿವೆ. ಎರಡು ಹಾವು ಹೆಣೆದುಕೊಂಡು ಎದುರುಬದುರು ಹೆಡೆ ಎತ್ತಿದ ಕಲ್ಲು, ಏಳು ಹೆಡೆಯ ಕಲ್ಲು, ಹೆಣಿಗೆಯ ನಡುವೆ ಪುಟ್ಟ ಲಿಂಗವಿರುವ ಕಲ್ಲು. ಮುಂದಿನ ಸಾಲಿನವು ಅರಿಸಿನ, ಕುಂಕುಮ, ಹಾಲಿನಿಂದ ಹೊಳೆಯುತ್ತವೆ. ಹಿಂದಕ್ಕೆ ಹೋದಂತೆ ಕಲ್ಲು ಕಪ್ಪಾಗಿ, ಅಂಚು ಸವೆದು, ಹೆಡೆಯ ಗೆರೆಗಳು ಬೆರಳಿಗೆ ಮಾತ್ರ ತಿಳಿಯುವಷ್ಟು ಮಾಸಿವೆ. ಈಚಿನವರು ಪೀಠದ ಮೇಲೆ ಹೆಸರು, ಊರು ಕೆತ್ತಿಸಿದ್ದಾರೆ. ಹಳೆಯ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ಅತ್ತಿಗೆ ಆ ವರ್ಷ ಇಡಿಸಿದ ಕಲ್ಲೂ ಅವುಗಳಲ್ಲಿ ಎಲ್ಲೋ ಇದೆ, ಯಾವುದೆಂದು ಅಜ್ಜಿಗೂ ತೋರಿಸಲು ಆಗುತ್ತಿರಲಿಲ್ಲ. ಮಗುವೊಂದನ್ನು ಕೊಡು ಎಂದು ಬೇಡಿಕೊಳ್ಳಲು ತಲೆತಲಾಂತರದಿಂದ ಜನ ಬಂದ ಜಾಗ ಇದು. ಇಲ್ಲಿಗೆ ಬಂದು ತಮ್ಮ ಮಕ್ಕಳನ್ನೇ ಕಳೆದುಕೊಂಡು ಹೋದ ತಾಯಂದಿರು ಆ ಸಂಜೆ ಈ ಕಲ್ಲುಗಳ ಮುಂದೆಯೇ ಓಡಿರಬೇಕು.

ಹುತಾತ್ಮರ ಸ್ಮಾರಕದ ಬಳಿ, ವೀರಸೌಧದಲ್ಲಿ, ಚಿತ್ರಗಳ ಮುಂದೆ ಶಾಲೆಯ ಮಕ್ಕಳ ಒಂದು ತಂಡ ನಿಂತಿತ್ತು. ಅವರ ಮೇಷ್ಟ್ರು ಬಹಳ ಚೆನ್ನಾಗಿ ವಿವರಿಸುತ್ತಿದ್ದರು. ಒಬ್ಬ ಹುಡುಗಿ, ‘ಸಾರ್, ಒಟ್ಟು ಎಷ್ಟು ಜನ ಸತ್ತರು?’ ಎಂದು ಕೇಳಿದಳು. ಮೇಷ್ಟ್ರು ಒಂದು ಕ್ಷಣ ತಡೆದು, ಸರ್ಕಾರ ಹೇಳಿದ ಸಂಖ್ಯೆಯನ್ನೂ ಜನ ಹೇಳುವ ಸಂಖ್ಯೆಯನ್ನೂ ಎರಡನ್ನೂ ಹೇಳಿದರು. ಹುಡುಗಿ ತನ್ನ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡಳು. ಆ ಮೇಷ್ಟ್ರ ಬಗ್ಗೆ ನನಗೆ ಗೌರವ ಹುಟ್ಟಿತು. ಒಂದನ್ನೇ ಹೇಳಿ ಮುಗಿಸುವುದು ಅವರಿಗೆ ಸುಲಭವಿತ್ತು.

ಗುರುತಿಸುವ ಕೆಲಸ

‘ಅಪರಿಚಿತ’ ಎಂಬ ಪದದ ಬಗ್ಗೆಯೇ ನನಗೊಂದು ತಕರಾರಿದೆ. ಹೆಸರಿಲ್ಲದ ಮನುಷ್ಯನಿರುವುದಿಲ್ಲ. ಅವನನ್ನು ಹೆಸರು ಹಿಡಿದು ಕೂಗುವವರು ಒಂದು ಮನೆಯಲ್ಲಿ ಇದ್ದೇ ಇರುತ್ತಾರೆ. ಅವನು ಪರಿಚಯವಿಲ್ಲದವನಾಗುವುದು ಪಂಚನಾಮೆ ಬರೆಯುವವರಿಗೆ, ಪಟ್ಟಿ ಮಾಡುವವರಿಗೆ. ಅವರು ಮನಸ್ಸು ಮಾಡಿದರೆ ಗುರುತು ಸಿಗುವುದು ಅಷ್ಟು ಕಷ್ಟವೇನಲ್ಲ. ಹಚ್ಚೆಯಿಂದ ಊರಿನ ಕಡೆ ತಿಳಿಯುತ್ತದೆ, ಉಡಿದಾರ, ತಾಯಿತಗಳಿಂದ ಮನೆಯ ನಂಬಿಕೆ ತಿಳಿಯುತ್ತದೆ. ಹಿಂದೆ ಅಗಸರು ಕರಿಗೇರಿನ ಮಸಿಯಲ್ಲಿ ಬಟ್ಟೆಯ ಮೂಲೆಗೆ ಹಾಕುತ್ತಿದ್ದ ಗುರುತನ್ನು ಹಿಡಿದು ಪೊಲೀಸರು ಮನೆಯನ್ನೇ ಹುಡುಕುತ್ತಿದ್ದ ಕಾಲವಿತ್ತು.

ಇಂದು ಕಾನೂನು ಇದನ್ನು ಕರ್ತವ್ಯವೆಂದೇ ಹೇಳುತ್ತದೆ. ಅಸಹಜ ಸಾವಾದರೆ ಪೊಲೀಸರು ಪಂಚರ ಎದುರು ಶವದ ವಿವರ ಬರೆಯಬೇಕು. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮು ಎನ್ನುತ್ತಿದ್ದುದು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಾಗಿದೆ. ಪೊಲೀಸ್ ಎನ್‌ಕೌಂಟರ್‌ಗಳಲ್ಲಿ ಆಗುವ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ಹದಿನಾರು ಸೂಚನೆಗಳಲ್ಲಿ, ಸತ್ತವನನ್ನು ಗುರುತಿಸಲು ಬಣ್ಣದ ಛಾಯಾಚಿತ್ರ ತೆಗೆಯಬೇಕು, ಹತ್ತಿರದ ಬಂಧುಗಳಿಗೆ ಆದಷ್ಟು ಬೇಗ ತಿಳಿಸಬೇಕು ಎಂದಿದೆ. ಅಜ್ಜಿ ಕೇಳಿದ ಪ್ರಶ್ನೆಯನ್ನೇ ನ್ಯಾಯಾಲಯವೂ ತನ್ನ ಭಾಷೆಯಲ್ಲಿ ಕೇಳಿದೆ ಎಂದು ಅದನ್ನು ಓದಿದಾಗ ನನಗೆ ಅನ್ನಿಸಿತ್ತು. 1938ರವರಿಗೆ ಈ ಸೂಚನೆಗಳು ತಡವಾಗಿ ಬಂದವು. ಅವರನ್ನು ಗುರುತಿಸುವ ಕೆಲಸವನ್ನು ಈಗ ಯಾವ ಠಾಣೆಯೂ ಮಾಡಲಾರದು, ನಾವು ಮಾಡಬೇಕು. ಗೌರಿಬಿದನೂರು ಸೀಮೆಯಷ್ಟೇ ಸಾಲದು, ಹಿಂದೂಪುರದ ಕಡೆಯ ಹಳ್ಳಿಗಳಿಗೂ ಹೋಗಿ, ಕನ್ನಡದಲ್ಲೂ ತೆಲುಗಿನಲ್ಲೂ ಕೇಳಬೇಕು. ಸ್ವಾತಂತ್ರ್ಯ ಹೋರಾಟದ ಬಗ್ಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ನಮ್ಮಲ್ಲಿ ಅಂಥವರಿರಲಿಲ್ಲ ಎನ್ನುತ್ತಾರೆ. ಜಾತ್ರೆಗೆ ಹೋಗಿ ಮನೆಗೆ ಬಾರದವರು ನಿಮ್ಮ ವಂಶದಲ್ಲಿದ್ದರೇ ಎಂದು ಕೇಳಬೇಕು.

ಅಜ್ಜಿ ಈಗಿಲ್ಲ. ಒಂದು ಡಜನ್ ಬಳೆಗಳಲ್ಲಿ ನಾಲ್ಕು ಉಳಿದಿವೆ, ಔಷಧಿಯ ಹಳೆಯ ತಗಡಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟಿದ್ದೇನೆ. ಒಂದನ್ನು ಅಳೆದು ನೋಡಿದೆ, ಅಡ್ಡಳತೆ ಎರಡು ಅಂಗುಲಕ್ಕೆ ತುಸು ಕಡಿಮೆ. ಆ ಅಳತೆಯನ್ನೂ ಸೇರಿಸಿ, ಪತ್ರಿಕೆಯವರು ಬರೆಯುವ ಕ್ರಮದಲ್ಲೇ, ಒಂದು ಪ್ರಕಟಣೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದಿದ್ದೇನೆ. ಈ ವರ್ಷ ಆಚೆ ಕಡೆಯ ಹಳ್ಳಿಗಳ ಅರಳಿಕಟ್ಟೆಗಳಲ್ಲಿ ಅದನ್ನು ಅಂಟಿಸಿ ಬರುವವನಿದ್ದೇನೆ. ಅದು ಹೀಗಿದೆ:

1938ರ ಏಪ್ರಿಲ್ 25ರ ಸೋಮವಾರ ವಿದುರಾಶ್ವತ್ಥದ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಜಾಗ ಕೇಳಿ ಬಂದು, ಸಂಜೆ ಗಾಡಿಗೆ ಮರಳದ ಗಂಡಸು. ಮಾತು ತೆಲುಗು. ಹೆಂಗಸರನ್ನು ‘ಅಕ್ಕಾ’ ಎಂದು ಕರೆಯುತ್ತಿದ್ದರು. ಕೆಂಪು ಅಂಚಿನ ವಸ್ತ್ರ. ಮನೆಯಲ್ಲಿ ಸುಮಾರು ಎಂಟು ವರ್ಷದ ಹೆಣ್ಣುಮಗು ಇದ್ದಿರಬೇಕು. ಅವರು ಆ ಮಗುವಿಗೆಂದು ಕೊಂಡ ಹಸಿರು ಗಾಜಿನ ಬಳೆಗಳು ನಮ್ಮಲ್ಲಿವೆ. ವಾರಸುದಾರರು ಬಂದು ತೆಗೆದುಕೊಂಡು ಹೋಗಬೇಕು.